ಬ್ರಾಸ್‌ಫೀಲ್ಡ್ ಕ್ರೀಡಾಂಗಣ ಕೆಟ್ಟ ಶನಿವಾರ

ಹಾಸ್ಕೆಲ್ ಬೀಮ್ ಒಳ್ಳೆಯ ಮನುಷ್ಯ. ಬಂದ ತಾಪತ್ರಯವೆಲ್ಲ ಅದರಿಂದಲೇ. ಅವನು ಸ್ವಲ್ಪ ಕೆಟ್ಟವನಾಗಿದ್ದರೆ, ಕೊನೆಯ ಪಕ್ಷ ಸೋಮಾರಿಯಾಗಿದ್ದರೂ ಸಾಕಿತ್ತು, ಆ ಶನಿವಾರ ಬೆಳಗ್ಗೆ ಬ್ರಾಸ್‌ಫೀಲ್ಡ್ ಕಾಲೇಜಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಂದು, ಯಾರೂ ಕೇಳದೆ ಇದ್ದರೂ, ಪಶ್ಚಿಮದ ಗ್ಯಾಲರಿಯ ಕೆಳಗೆ ಸೋರುತ್ತಿದ್ದ ದೊಡ್ಡ ಪೈಪನ್ನು ರಿಪೇರಿ ಮಾಡುತ್ತಿರಲಿಲ್ಲ.

ಆ ಪೈಪು ಎಷ್ಟು ಕಾಲದಿಂದ ಸೋರುತ್ತಿತ್ತೆಂದರೆ, ಅದರ ಕೆಳಗೆ ಪಾಚಿ ಬೆಳೆದು, ಪಾಚಿಯ ಮೇಲೆ ಕಪ್ಪೆಯೊಂದು ಸಂಸಾರ ಹೂಡಿತ್ತು. ಕ್ರೀಡಾಂಗಣದ ಉಸ್ತುವಾರಿ ಆರ್ವಿಲ್ ಟಾಕೆಟ್ ಬಂದು ನೋಡಿದಾಗ ನೆಲ ಒಣಗಿತ್ತು, ಪಾಚಿ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. ಹಾಸ್ಕೆಲ್ ಮಾತ್ರ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ, ಮಗಳ ಮದುವೆ ಮುಗಿಸಿದ ಅಪ್ಪನ ಹಾಗೆ ನಿಂತಿದ್ದ.

"ಹೆಂಗಿದೆ?" ಅಂದ ಹಾಸ್ಕೆಲ್. "ಇನ್ನು ಇದರಿಂದ ಒಂದು ಹನಿ ಬಿದ್ರೆ ನನ್ ಹೆಸರು ಬದಲಾಯ್ಸಿಬಿಡು."

ಆರ್ವಿಲ್ ಪೈಪಿನತ್ತ ಬೆರಳು ತೋರಿಸಿದ. "ಇದನ್ನ ಮುಟ್ಟು ಅಂತ ನಿಂಗೆ ಯಾರಯ್ಯ ಹೇಳಿದ್ದು?"

"ಯಾರಾದ್ರೂ ಹೇಳ್ಬೇಕಾ? ಮಿಸ್ ಅಡೀಲಾ ಬರ್ತಿದಾರಂತಲ್ಲ. ಮನೆಗೆ ದೊಡ್ಡೋರು ಬರೋವಾಗ ಬಚ್ಚಲು ಸೋರ್ತಿದ್ರೆ ಮರ್ಯಾದೆ ಹೋಗೋದು ಯಾರ್ದು? ಪಕ್ಕದ ಮನೆಯೋನಾಗಿ ಅಷ್ಟೂ ಮಾಡ್ದಿದ್ರೆ ಹೆಂಗೆ?"

ಹಾಸ್ಕೆಲ್ ಜೀವಮಾನವಿಡೀ ನಲ್ಲಿ, ಪೈಪುಗಳ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಕೆಲಸ ಇನ್ನೂ ಹೆಚ್ಚಾಗಿತ್ತು, ಯಾಕೆಂದರೆ ಈಗ ಯಾರೂ ಕರೆಯಬೇಕಾಗಿರಲಿಲ್ಲ.

ಆರ್ವಿಲ್ ಹೇಳಬೇಕಾದ ಮಾತನ್ನು ಹೇಳುವಂತಿರಲಿಲ್ಲ. ಹಿಂದಿನ ದಿನವಷ್ಟೇ ಕಾಲೇಜಿನ ಕ್ರೀಡಾ ನಿರ್ದೇಶಕ ವೇಡ್ ಪೆಂಡಲ್ಟನ್ ಅವನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಪರದೆಯನ್ನೂ ಎಳೆದು ಪಿಸುಗುಟ್ಟಿದ್ದ.

"ನೋಡು ಟಾಕೆಟ್. ಮಿಸ್ ಅಡೀಲಾ ಸ್ಪ್ರಾಗ್ ನಾಳೆ ಪಂದ್ಯ ನೋಡೋಕೆ ಬರ್ತಾರೆ. ಗಂಡ ಸಾಯೋವಾಗ ಬಿಟ್ಟುಹೋದ ಕೋಳಿ ವ್ಯಾಪಾರದ ದುಡ್ಡನ್ನ ಎಲ್ಲಿಡ್ಬೇಕು ಅಂತ ಅವರಿಗೇ ಗೊತ್ತಿಲ್ಲ. ನಮ್ಮ ಕ್ರೀಡಾಂಗಣದ ಸ್ಥಿತಿ ನೋಡಿ ಅವರಿಗೆ ಅಯ್ಯೋ ಪಾಪ ಅನ್ನಿಸ್ಬೇಕು. ಹಾಗಾಗಿ ನಾಳೆ ನೀನು ಏನನ್ನೂ ರಿಪೇರಿ ಮಾಡಕೂಡದು. ಸೋರೋದು ಸೋರಲಿ, ಕಿರುಗುಟ್ಟೋದು ಕಿರುಗುಟ್ಟಲಿ."

"ಅಷ್ಟೇನಾ ಸಾರ್?" ಅಂದಿದ್ದ ಆರ್ವಿಲ್. ಅಷ್ಟು ಸುಲಭದ ಕೆಲಸವನ್ನು ಅವನಿಗೆ ಯಾರೂ ಎಂದೂ ಕೊಟ್ಟಿರಲಿಲ್ಲ.

"ಅಷ್ಟೇ. ಆದ್ರೆ ಯಾರಿಗೂ ಹೇಳ್ಬೇಡ. ಆ ಗೇಟಿನ ಬರ್ನೀಸ್ ಕಿವಿಗೆ ಬಿದ್ರೆ ಊಟದ ಹೊತ್ತಿಗೆ ಮಿಸ್ ಅಡೀಲಾಗೂ ಗೊತ್ತಾಗಿರತ್ತೆ. ಇನ್ನೊಂದು ವಿಷಯ. ದುಡ್ಡು ಸಿಗದಿದ್ರೆ ಬರೋ ವರ್ಷ ಪಶ್ಚಿಮದ ಗ್ಯಾಲರಿಗೆ ಬೀಗ ಹಾಕ್ತಾರಂತೆ, ಎಂಜಿನಿಯರುಗಳು ಹೇಳಿ ಹೋಗಿದಾರೆ. ಆಮೇಲೆ ನಮ್ಮ ಹುಡುಗ್ರು ಹೈಸ್ಕೂಲ್ ಮೈದಾನದಲ್ಲಿ ಆಡ್ಬೇಕು. ಅಲ್ಲಿ ಈಗಾಗ್ಲೇ ಒಬ್ಬ ಉಸ್ತುವಾರಿ ಇದಾನೆ. ಒಂದು ಹುಲ್ಲುಗಾವಲಿಗೆ ಇಬ್ಬರು ಕಾವಲುಗಾರರು ಯಾಕೆ, ನೀನೇ ಹೇಳು."

ಆ ರಾತ್ರಿ ಆರ್ವಿಲ್ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಪ್ರಾಯದಲ್ಲಿ ಕೈಯಲ್ಲಿ ಸುತ್ತಿಗೆ ಹಿಡಿದು ಬಂದವನು, ಈಗ ತಲೆ ನೆರೆಯುವವರೆಗೂ ಆ ಕ್ರೀಡಾಂಗಣಕ್ಕೆ ತೇಪೆ ಹಾಕುತ್ತಲೇ ಇದ್ದ. ಅದನ್ನು ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ. ಬೇರೆ ಕೆಲಸ ಕಲಿಯುವ ಆಸೆಯೂ ಇರಲಿಲ್ಲ.

ಇರಲಿ, ಒಂದು ಪೈಪು ಸರಿಹೋದರೆ ಏನಾಯಿತು, ಉಳಿದಿದ್ದೆಲ್ಲ ಕೆಟ್ಟೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಅವನು ಮೆಟ್ಟಿಲು ಹತ್ತಿ ಗ್ಯಾಲರಿಗೆ ಬಂದ. ಬಂದವನು ಅಲ್ಲೇ ಕಂಬದಂತೆ ನಿಂತ.

ಊರಿಗೆ ಊರೇ ಅಲ್ಲಿತ್ತು. ಪಂದ್ಯದ ದಿನದ ವಾಡಿಕೆಯಂತೆ ಹೊರಗೆ ವಾಹನ ನಿಲ್ಲಿಸುವ ಬಯಲಿನಲ್ಲಿ ಟ್ರಕ್ಕುಗಳ ಹಿಂಬಾಗಿಲು ಇಳಿಸಿ, ಹಂದಿಮಾಂಸ ಸುಡುತ್ತ, ದೊಡ್ಡ ಪಾತ್ರೆಗಳಲ್ಲಿ ಖಾರದ ಹುರುಳಿಸಾರು ಕುದಿಸುತ್ತ ಇರಬೇಕಾದ ಜನ ಬಕೆಟ್ಟು, ಬ್ರಷ್ಷು ಹಿಡಿದು ಒಳಗೆ ಸೇರಿದ್ದರು. ತುಕ್ಕು ಹಿಡಿದ ಕಟಕಟೆಗೆ ಬಣ್ಣ ಬಳಿದಾಗಿತ್ತು. ಪಾರಿವಾಳದ ಹಿಕ್ಕೆ ಕೆರೆದಾಗಿತ್ತು. ಎದ್ದಿದ್ದ ಹಲಗೆಗಳಿಗೆಲ್ಲ ಮೊಳೆ ಬಿದ್ದಿತ್ತು. ಗಂಡಸರ ಶೌಚಾಲಯದಿಂದ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಆ ಶೌಚಾಲಯದಿಂದ ಅಂಥ ವಾಸನೆ ಬಂದದ್ದು ಆರ್ವಿಲ್‌ಗೆ ನೆನಪೇ ಇರಲಿಲ್ಲ.

ನಡುವೆ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದವಳು ಬರ್ನೀಸ್ ಹ್ಯಾಗರ್ಡ್. ಗೇಟಿನಲ್ಲಿ ಟಿಕೆಟ್ ಹರಿಯುವುದು ಅವಳ ಕೆಲಸ. ಉಳಿದ ಎಲ್ಲರ ಕೆಲಸವೂ ಅವಳ ಕೆಲಸವೇ.

"ಏನ್ರೀ ಆರ್ವಿಲ್, ಬಾಯಿ ಬಿಟ್ಕೊಂಡು ನಿಂತ್ರಲ್ಲ. ಕಣ್ಣಲ್ಲಿ ನೀರು ಬೇರೆ. ಹೋಗ್ಲಿ ಬಿಡಿ, ಥ್ಯಾಂಕ್ಸ್ ಎಲ್ಲ ಹೇಳೋಕೆ ಹೋಗ್ಬೇಡಿ."

ಆರ್ವಿಲ್, ಅವಳು ಅತ್ತ ತಿರುಗುವುದನ್ನೇ ಕಾದು, ಮಿಸ್ ಅಡೀಲಾ ಕೂರಬೇಕಾದ ಸಾಲಿಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಮಂಡಿಯೂರಿ, ಜೇಬಿನಿಂದ ಸುತ್ತಿಗೆ ತೆಗೆದು ಹಲಗೆಯ ಮೊಳೆಯೊಂದನ್ನು ಮೀಟತೊಡಗಿದ. ಹಾಕುವುದು ಬಿಟ್ಟು ಕೀಳುವ ಅಭ್ಯಾಸ ಅವನ ಕೈಗಿರಲಿಲ್ಲ. ಮೊಳೆ ಅರ್ಧ ಬಂದಿತ್ತು, ಅಷ್ಟರಲ್ಲಿ ಹಿಂದೆ ಒಂದು ಜೊತೆ ಬೂಟು ಬಂದು ನಿಂತಿತು.

"ಏನು ಮಾಡ್ತಿದೀರಿ?" ಅಂದಳು ಬರ್ನೀಸ್.

"ಮೊಳೆ ಬಿಗಿಯಾಗಿದ್ಯಾ ಅಂತ ನೋಡ್ತಿದ್ದೆ."

"ಕಿತ್ತು ನೋಡ್ತಾರಾ?"

"ಕೀಳದೆ ಹೆಂಗೆ ಗೊತ್ತಾಗತ್ತೆ?"

ಬರ್ನೀಸ್ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಒಂದೇ ಏಟಿಗೆ ಮೊಳೆಯನ್ನು ಹಲಗೆಯೊಳಕ್ಕೆ ಕಳಿಸಿದಳು. ಸುತ್ತಿಗೆಯನ್ನು ತನ್ನ ಕೈಚೀಲಕ್ಕೆ ಸೇರಿಸಿ, ಅವನ ಮುಖವನ್ನೇ ದಿಟ್ಟಿಸಿದಳು. "ಥಾರ್ನ್‌ಬರಿ ಕಾಲೇಜಿನೋರು ನಿಮಗೇನಾದ್ರೂ ತಿನ್ನಿಸಿದಾರೇನ್ರೀ?"

ಥಾರ್ನ್‌ಬರಿ ಎಂದರೆ ಅಂದಿನ ಎದುರಾಳಿ. ನಡುವೆ ಇರುವುದು ಒಂದೇ ಗುಡ್ಡ. ಆ ಗುಡ್ಡದಾಚೆಯವರನ್ನು ಬ್ರಾಸ್‌ಫೀಲ್ಡ್ ಸೋಲಿಸಿದ್ದನ್ನು ಕಂಡವರು ಈಗ ಊರುಗೋಲು ಹಿಡಿದು ಓಡಾಡುತ್ತಿದ್ದರು.

ಮಧ್ಯಾಹ್ನಕ್ಕೆ, ಮದುವೆಯಾಗಿ ವಿಧವೆಯಾದ ಮೇಲೂ ಊರಿನವರ ಬಾಯಲ್ಲಿ ಮಿಸ್ ಆಗಿಯೇ ಉಳಿದಿದ್ದ ಮಿಸ್ ಅಡೀಲಾ ಬಂದರು. ನೇರಳೆ ಬಣ್ಣದ ಕೋಟಿನೊಳಗೆ ಎಲ್ಲೋ ಒಂದು ಕಡೆ ಅವರಿದ್ದರು, ಅಷ್ಟು ಸಣ್ಣ ಜೀವ. ಕೈಯಲ್ಲಿ ಊರುಗೋಲು, ಕಂಕುಳಲ್ಲಿ ತಮ್ಮದೇ ದಿಂಬು. ಪೆಂಡಲ್ಟನ್ ಮುಖವನ್ನು ಸಾವಿನ ಮನೆಗೆ ಹೋಗುವವನಂತೆ ಮಾಡಿಕೊಂಡು ಅವರನ್ನು ಗೇಟಿಗೆ ಕರೆತಂದ.

"ಈ ಗೇಟು ನೋಡಿ ಮೇಡಮ್. ಇದನ್ನ ತೆಗೀಬೇಕಾದ್ರೆ ಇಬ್ಬರು ಭುಜ ಕೊಡ್ಬೇಕು."

ಮಿಸ್ ಅಡೀಲಾ ಕೈಬೆರಳಲ್ಲಿ ಮುಟ್ಟಿದರು. ಬೆಣ್ಣೆಯಲ್ಲಿ ಚಾಕು ಆಡಿದಂತೆ ಗೇಟು ತೆರೆದುಕೊಂಡಿತು. ಹಾಸ್ಕೆಲ್ ದೂರದಿಂದ ಎಣ್ಣೆಯ ಡಬ್ಬಿ ಎತ್ತಿ ತೋರಿಸಿ ನಕ್ಕ.

"ಚೆನ್ನಾಗೇ ಇದೆಯಲ್ಲ," ಅಂದರು ಮಿಸ್ ಅಡೀಲಾ.

"ಆ ಪೈಪು ನೋಡಿ ಮೇಡಮ್, ಹಗಲೂ ರಾತ್ರಿ..." ಎಂದು ಪೆಂಡಲ್ಟನ್ ಕೈ ತೋರಿಸಿದ. ಪೈಪು ಫಳಫಳ ಹೊಳೆಯುತ್ತಿತ್ತು. ಅವನ ಬೆರಳು ಗಾಳಿಯಲ್ಲೇ ಬಾಡಿತು.

ಶೌಚಾಲಯದ ಹತ್ತಿರ ಮಿಸ್ ಅಡೀಲಾ ಮೂಗರಳಿಸಿದರು. "ನಮ್ಮ ಚರ್ಚಿಗಿಂತ ಚೊಕ್ಕಟವಾಗಿದೆ. ಪೆಂಡಲ್ಟನ್, ನಿಮಗೆ ಹೊಸದು ಯಾತಕ್ಕೆ ಬೇಕು? ನಮ್ಮ ಯಜಮಾನರು ಒಂದೇ ಕೋಟನ್ನ ಸಾಯೋವರೆಗೂ ಹಾಕ್ಕೊಂಡ್ರು."

ಅವರನ್ನು ಕೂರಿಸಿ ಬಂದ ಪೆಂಡಲ್ಟನ್, ಆರ್ವಿಲ್‌ನ ತೋಳು ಹಿಡಿದು ಕಂಬದ ಹಿಂದಕ್ಕೆ ಎಳೆದ. ಮುಖ ಬೇಯಿಸಿದ ಬೀಟ್‌ರೂಟಾಗಿತ್ತು.

"ಏನಯ್ಯಾ ಇದು? ಏನೂ ಮಾಡಬೇಡ ಅಂತ ತಾನೆ ಹೇಳಿದ್ದು?"

"ನಾನೇನೂ ಮಾಡಿಲ್ಲ ಸಾರ್. ಊರೋರು ಮಾಡಿದ್ದು. ಪ್ರೀತಿಗೆ ಮಾಡಿದ್ದು."

"ಪ್ರೀತಿ ನಿನ್ನ ಕೆಲಸ ತಿನ್ನತ್ತೆ ನೋಡ್ತಿರು. ಪಂದ್ಯ ಮುಗಿಯೋದ್ರೊಳಗೆ ಏನಾದ್ರೂ ಒಂದು ಕೆಡಬೇಕು. ಅವರ ಕಣ್ಣ ಮುಂದೆ ಕೆಡಬೇಕು. ಹೋಗು."

ಆರ್ವಿಲ್‌ಗೆ ಅಳು ಬಂತು. ಇಷ್ಟು ವರ್ಷ ಈ ಕ್ರೀಡಾಂಗಣ, ಕೆಡಬೇಡ ಎಂದು ಕೈಮುಗಿದರೂ ಕೆಟ್ಟಿತ್ತು. ಈಗ ಕೆಡು ಎಂದರೆ ಮದುಮಗನ ಹಾಗೆ ಸಿಂಗರಿಸಿಕೊಂಡು ಕೂತಿತ್ತು.

ಪಂದ್ಯ ಶುರುವಾಯಿತು. ಚೆಂಡನ್ನು ತೋಳಲ್ಲಿ ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅಂಕ ಸಿಗುವ ಅಮೆರಿಕದ ಫುಟ್‌ಬಾಲ್ ಅದು. ವಾದ್ಯದವರು ಊದಿದರು, ಜನ ಮರದ ಗ್ಯಾಲರಿಯ ಮೇಲೆ ಕಾಲು ಕುಟ್ಟಿದರು, ಬಾಯಿಂದ ಹಬೆ ಏಳುವ ಚಳಿಯಲ್ಲಿ ಕಾಗದದ ಲೋಟಗಳು ಕೈಯಿಂದ ಕೈಗೆ ದಾಟಿದವು. ಆ ಕುಟ್ಟುವ ಸದ್ದು ಗುಡುಗಿನ ಹೊಟ್ಟೆಯಲ್ಲಿ ಕೂತಂತೆ ಕೇಳಿಸುವುದು. ಬ್ರಾಸ್‌ಫೀಲ್ಡಿನವರು ತಮ್ಮ ತಂಡ ಆಡುವುದನ್ನು ನೋಡಲು ಬರುತ್ತಿದ್ದರು ಎನ್ನುವುದಕ್ಕಿಂತ ಆ ಸದ್ದು ಮಾಡಲು ಬರುತ್ತಿದ್ದರು ಎನ್ನುವುದು ಸರಿ. ತಂಡ ಎಂದಿನಂತೆ ಆಡಿತು. ಮೊದಲರ್ಧ ಮುಗಿದಾಗ ಥಾರ್ನ್‌ಬರಿ ಹದಿಮೂರು, ಬ್ರಾಸ್‌ಫೀಲ್ಡ್ ಸೊನ್ನೆ. ಮಿಸ್ ಅಡೀಲಾ ಆಕಳಿಸಿದರು.

ಆರ್ವಿಲ್ ದೊಡ್ಡ ಸ್ಪ್ಯಾನರ್ ಹಿಡಿದು ಗ್ಯಾಲರಿಯ ಕೆಳಗೆ ನುಸುಳಿದ. ಹಾಸ್ಕೆಲ್ ಬಿಗಿದ ಜೋಡಣೆಯನ್ನು ಸಡಿಲಿಸಿದರೆ ಒಂದು ಸಣ್ಣ ಕಾರಂಜಿ ಮಿಸ್ ಅಡೀಲಾ ಅವರ ಕಾಲಬುಡದಲ್ಲೇ ಏಳುತ್ತಿತ್ತು. ಅಷ್ಟೇ ಸಾಕಿತ್ತು. ಸ್ಪ್ಯಾನರ್ ಹಾಕಿ ಎಳೆದ. ಜೋಡಣೆ ಅಲುಗಲಿಲ್ಲ. ಹಾಸ್ಕೆಲ್ ಕೈಯ ಕೆಲಸ ಹಾಗೇ. ಗೋಡೆಗೆ ಕಾಲು ಕೊಟ್ಟು, ಕಣ್ಣು ಮುಚ್ಚಿ, ಸತ್ತ ತಾಯಿಯನ್ನು ನೆನೆದು ಮತ್ತೊಮ್ಮೆ ಎಳೆದ. ಸ್ಪ್ಯಾನರ್ ಜಾರಿ ಪಕ್ಕದಲ್ಲಿದ್ದ ಹಳೆಯ ತಿರುಪು ಹಿಡಿಗೆ ಬಡಿಯಿತು. ಹಿಡಿ ಮುರಿದು ಅವನ ಮಡಿಲಿಗೆ ಬಿತ್ತು. ಪೈಪಿನೊಳಗೆ ಎಲ್ಲೋ ದೂರದಲ್ಲಿ ಆನೆ ಗಂಟಲು ಸರಿಮಾಡಿಕೊಂಡಂಥ ಸದ್ದಾಯಿತು.

ಅದು ಮೈದಾನದ ಹುಲ್ಲಿಗೆ ನೀರು ಚಿಮ್ಮಿಸುವ ಪೈಪಿನ ಹಿಡಿ.

ಮೈದಾನದಲ್ಲಿ ಅಷ್ಟರಲ್ಲಿ ಎರಡನೆಯ ಅರ್ಧ ಶುರುವಾಗಿ, ಥಾರ್ನ್‌ಬರಿಯವನೊಬ್ಬ, ತಮ್ಮ ಗೆರೆಯ ಹತ್ತಿರ ನಿಂತು, ಚೆಂಡನ್ನು ಮೈದಾನದ ಆ ತುದಿಗೆ ಒದೆಯಲು ಕಾಲೆತ್ತಿದ್ದ. ಅವನ ಎರಡು ಕಾಲುಗಳ ಸರಿ ನಡುವೆ ನೆಲದಿಂದ ಬೊಂಬಿನಷ್ಟು ದಪ್ಪದ ನೀರು ಎದ್ದಿತು. ಹುಡುಗ ಕೋಳಿಯ ಹಾಗೆ ಕೂಗಿ ಹಾರಿದ. ಚೆಂಡು ಅವನ ಮೊಣಕಾಲಿಗೆ ತಾಗಿ ನೆಟ್ಟಗೆ ಮೇಲೆದ್ದು, ಬ್ರಾಸ್‌ಫೀಲ್ಡಿನ ದಢೂತಿ ಹುಡುಗನೊಬ್ಬನ ತೋಳಿಗೆ ತಾನಾಗಿ ಬಂದು ಬಿತ್ತು. ಅವನಿಗೆ ಚೆಂಡು ಸಿಕ್ಕಿದ್ದೇ ಅದು ಮೊದಲ ಸಲ. ಏನು ಮಾಡಬೇಕೆಂದು ತಿಳಿಯದೆ ನೀರಿಗೆ ಹೆದರಿ ಓಡಿದ, ಓಡಿದ್ದು ಗೆರೆಯಾಚೆಗಾಯಿತು.

ಗೆರೆ ದಾಟಿದ್ದಕ್ಕೆ ಆರು ಅಂಕ, ಆಮೇಲಿನ ಒದೆತಕ್ಕೆ ಒಂದು. ಹದಿಮೂರು, ಏಳು.

ಬ್ರಾಸ್‌ಫೀಲ್ಡಿನ ಅಂಕ ನೋಡಿ ಗ್ಯಾಲರಿಗೆ ಅಭ್ಯಾಸವಿರಲಿಲ್ಲ. ಕೋತಿಗೆ ಹೆಂಡ ಕುಡಿಸಿದಂತಾಯಿತು.

ಕೆಳಗೆ ಆರ್ವಿಲ್‌ಗೆ ಇದಾವುದೂ ಗೊತ್ತಿಲ್ಲ. ಮೇಲಿನ ಗದ್ದಲ ಕೇಳಿ, ಮಿಸ್ ಅಡೀಲಾ ಮುಳುಗಿಯೇ ಹೋದರೋ ಏನೋ ಎಂದು ಹೆದರಿ, ಮುರಿದ ಹಿಡಿಯನ್ನು ಮತ್ತೆ ಸಿಕ್ಕಿಸಲು ಪರದಾಡುತ್ತಿದ್ದ. ಹಾಸ್ಕೆಲ್ ಬಂದು ನೋಡಿದ. ಆರ್ವಿಲ್ ಕೈಯಲ್ಲಿ ಸ್ಪ್ಯಾನರ್. ಹೊಸ ಜೋಡಣೆಯ ಮೇಲೆ ಗೀರು.

"ನನ್ ಕೆಲ್ಸದ ಮೇಲೆ ಕೈ ಹಾಕ್ದ್ಯಾ?" ಹಾಸ್ಕೆಲ್ ಆ ಗೀರಿನ ಮೇಲೆ ಬೆರಳಾಡಿಸಿದ. "ಆರ್ವಿಲ್, ನಿನ್ ಮನೆ ಸಿಂಕು ಕಟ್ಕೊಂಡಾಗ ಕ್ರಿಸ್ಮಸ್ ಊಟ ಬಿಟ್ಟು ಬಂದೋನು ನಾನು."

"ಹಾಸ್ಕೆಲ್, ಹೇಳೋದು ಕೇಳು."

"ಬರ್ನೀಸ್ ಹೇಳ್ದಾಗ ನಾನು ನಂಬ್ಲಿಲ್ಲ. ಥಾರ್ನ್‌ಬರಿಯೋರು ಏನು ಕೊಟ್ರು ನಿಂಗೆ?"

ಆರ್ವಿಲ್ ಓಡಿದ. ಹಾಸ್ಕೆಲ್ ಬೆನ್ನಟ್ಟಿದ. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಮಂಡಿನೋವು. ಹಾಗಾಗಿ ಇಬ್ಬರ ನಡುವಿನ ದೂರ ಹೆಚ್ಚಲೂ ಇಲ್ಲ, ಕಮ್ಮಿಯಾಗಲೂ ಇಲ್ಲ. ಕಡಲೆಕಾಯಿ ಮಾರುವವನ ಬುಟ್ಟಿ ದಾಟಿ, ವಾದ್ಯದವರ ಡೋಲಿನ ಸಂದಿಯಲ್ಲಿ ತೂರಿ, ಮೆಟ್ಟಿಲೇರಿ, ಆರ್ವಿಲ್ ಗ್ಯಾಲರಿಯ ನೆತ್ತಿಯ ಮೇಲಿದ್ದ ಘೋಷಣೆಯ ಕೋಣೆಯ ಹಿಂದಕ್ಕೆ ಬಂದು ಬಿದ್ದ. ಅಲ್ಲಿ ಧ್ವನಿವರ್ಧಕದ ತಂತಿಗಳ ಕಪಾಟಿತ್ತು. ನೀರಾಗದಿದ್ದರೆ ಇದಾದರೂ ಆಗಲಿ, ಸದ್ದು ನಿಂತುಹೋದರೆ ಮಿಸ್ ಅಡೀಲಾ ಗಮನಕ್ಕೆ ಬಂದೇ ಬರುತ್ತದೆ ಎಂದುಕೊಂಡು ಕೈಗೆ ಸಿಕ್ಕ ತಂತಿಯನ್ನು ಹಿಡಿದು ಕಿತ್ತ.

ಸದ್ದು ನಿಲ್ಲಲಿಲ್ಲ. ಮೈದಾನದ ನಾಲ್ಕೂ ಮೂಲೆಯಿಂದ, ಬಾಲ ಬಾಗಿಲಿಗೆ ಸಿಕ್ಕಿದ ಬೆಕ್ಕಿನಂಥ ಕಿರುಚಾಟ ಎದ್ದಿತು.

ಕೆಳಗೆ ಥಾರ್ನ್‌ಬರಿಯವರು ಚೆಂಡನ್ನು ಮಧ್ಯೆ ಇಟ್ಟು ಬಾಗಿ ನಿಂತಿದ್ದರು. ಚೆಂಡು ಹಿಡಿದು ಬಾಗಿದ್ದವನು ಆ ಕಿರುಚಾಟಕ್ಕೆ ಬೆಚ್ಚಿ ಕಾಲುಗಳ ಸಂದಿಯಿಂದ ಹಿಂದಕ್ಕೆ ಎಸೆದುಬಿಟ್ಟ. ಅದನ್ನು ಹಿಡಿಯಬೇಕಾದವನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದ. ಚೆಂಡು ಅವನ ತಲೆಯ ಮೇಲೆ ಹಾರಿ, ಒದ್ದೆ ಹುಲ್ಲಿನ ಮೇಲೆ ಸಾಬೂನಿನಂತೆ ಜಾರಿ ಗೆರೆಯ ಹತ್ತಿರ ಹೋಯಿತು. ಬ್ರಾಸ್‌ಫೀಲ್ಡಿನವರು ನಾಲ್ವರು ಒಟ್ಟಿಗೆ ಅದರ ಮೇಲೆ ಬಿದ್ದರು, ಜಾರುತ್ತ ಜಾರುತ್ತ ಗೆರೆ ದಾಟಿದರು.

ಬ್ರಾಸ್‌ಫೀಲ್ಡ್ ಹದಿನಾಲ್ಕು, ಥಾರ್ನ್‌ಬರಿ ಹದಿಮೂರು.

ಹಾಸ್ಕೆಲ್ ಏದುಸಿರು ಬಿಡುತ್ತ ಕಪಾಟಿನ ಬಾಗಿಲಿಗೆ ಬಂದು, ಆರ್ವಿಲ್‌ನ ಕೊರಳಪಟ್ಟಿಗೆ ಕೈ ಹಾಕಿದ್ದ. ಹಾಕಿದ ಕೈ ಹಾಗೇ ನಿಂತಿತು. ಅವನು ಅಂಕೆಗಳ ಫಲಕ ನೋಡಿದ. ತಂತಿ ನೋಡಿದ. ಮೈದಾನದಲ್ಲಿ ಇನ್ನೂ ಚಿಮ್ಮುತ್ತಿದ್ದ ನೀರು ನೋಡಿದ. ಮುಖ ನಿಧಾನವಾಗಿ ಬೆಳಗಿತು.

"ಆರ್ವಿಲ್. ಇದೆಲ್ಲ ನೀನು ಬೇಕಂತ್ಲೇ ಮಾಡ್ತಿದೀಯಾ?"

ಹೌದೆಂದರೂ ಸಿಕ್ಕಿಬೀಳುವ, ಅಲ್ಲವೆಂದರೂ ಸಿಕ್ಕಿಬೀಳುವ ಪ್ರಶ್ನೆ ಅದು. ಆರ್ವಿಲ್ ಬಿಸಿತುಪ್ಪ ಬಾಯಿಗಿಟ್ಟವನಂತೆ ಮುಖ ಮಾಡಿ, ಕಿತ್ತ ತಂತಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಹಾಸ್ಕೆಲ್ ಅವನನ್ನು ಬಾಚಿ ತಬ್ಬಿಕೊಂಡ. "ಇಷ್ಟು ವರ್ಷ ಬೇಲಿಯಾಚೆನೇ ಇದ್ರೂ ನಿಂಗೆ ಇಂಥಾ ತಲೆ ಇದೆ ಅಂತ ಗೊತ್ತಾಗ್ಲಿಲ್ಲ ಕಣಯ್ಯ. ನನ್ನ ಜೋಡಣೆ ಬಿಡು, ನನ್ನ ಮನೆಯಿಂದ ಬೇಕಾದ್ರೂ ನೀರು ಬಿಡು."

ಅವನು ಬರ್ನೀಸ್‌ಗೆ ಹೇಳಿದ. ಬರ್ನೀಸ್ ಯಾರಿಗೂ ಹೇಳಬೇಡಿ ಎಂದು ಹೇಳುತ್ತ ಸಾಲಿನಿಂದ ಸಾಲಿಗೆ ಹೋದಳು. ಆರ್ವಿಲ್ ಪೆಂಡಲ್ಟನ್‌ನನ್ನು ಹುಡುಕಿಕೊಂಡು ಕೆಳಗೆ ಇಳಿದು ಬರುವಷ್ಟರಲ್ಲಿ ಜನ ಅವನ ಬೆನ್ನು ತಟ್ಟುತ್ತಿದ್ದರು, ಕೈಗೆ ಹುರುಳಿಸಾರಿನ ಲೋಟ ತುರುಕುತ್ತಿದ್ದರು. "ಮುಂದೇನು ಆರ್ವಿಲ್, ದೀಪದ ಕಂಬ ಬೀಳಿಸ್ತೀಯಾ?" "ಅವರ ಬೆಂಚಿನ ಕಾಲು ಮುರಿಯಣ್ಣ." "ಸುಮ್ನಿರ್ರೋ, ಅವನಿಗೆ ಎಲ್ಲಾ ಗೊತ್ತಿದೆ, ಯೋಚನೆ ಮಾಡ್ಲಿ ಬಿಡಿ."

ಬೆಳಗ್ಗೆ ಕಳ್ಳನ ಹಾಗೆ ನೋಡಿದ್ದ ಬರ್ನೀಸ್ ಅವನ ಸುತ್ತಿಗೆಯನ್ನು ತಾನೇ ತಂದು, ಎರಡೂ ಕೈಯಲ್ಲಿ ಒಪ್ಪಿಸಿದಳು. "ನಿಮ್ಮನ್ನ ತಪ್ಪು ತಿಳ್ಕೊಂಡೆ. ಎಲ್ಲಿ ಬೇಕೋ ಅಲ್ಲಿ ಕೀಳಿ."

ಪೆಂಡಲ್ಟನ್ ಸಿಕ್ಕಿದ. ಅವನೂ ಆನಂದದಲ್ಲಿದ್ದ. "ಭೇಷ್ ಟಾಕೆಟ್. ನೀರಂತೂ ಅದ್ಭುತ. ಮಿಸ್ ಅಡೀಲಾ ದಿಂಬಿನ ಮೇಲೆ ಹತ್ತಿ ನಿಂತಿದಾರೆ. ಹೆದರಿಕೊಂಡಿದಾರೆ ಅನ್ಸತ್ತೆ, ಗಲ್ಲ ಕೆಂಪಾಗಿದೆ. ಚೆಕ್ಕು ಬಂದಂತೆಯೇ."

"ಸಾರ್, ನೀರು ನಿಲ್ತಾ ಇಲ್ಲ."

"ನಿಲ್ಲಿಸ್ಬೇಡ."

ನೀರು ನಿಲ್ಲಲೇ ಇಲ್ಲ. ಇಳಿಜಾರು ಹುಡುಕಿಕೊಂಡು ಉತ್ತರದ ತುದಿಗೆ ಹರಿದು, ಅಲ್ಲಿನ ಗೋಲ್ ಕಂಬಗಳ ಬುಡದಲ್ಲಿ ಕೊಳವಾಗಿ ನಿಂತಿತು. ಆಟ ಮುಗಿಯಲು ಕೆಲವೇ ಕ್ಷಣ ಉಳಿದಾಗ ಥಾರ್ನ್‌ಬರಿಯವರು ಆ ತುದಿಗೇ ಬಂದು ಮುಟ್ಟಿದ್ದರು. ಇನ್ನು ಒಂದೇ ಒದೆತ. ಚೆಂಡು ಎರಡು ಕಂಬಗಳ ನಡುವೆ ದಾಟಿದರೆ ಮೂರು ಅಂಕ, ಪಂದ್ಯ ಅವರದು. ಒದೆಯುವವನು ತಪ್ಪಿದ್ದನ್ನು ಆ ವರ್ಷ ಯಾರೂ ಕಂಡಿರಲಿಲ್ಲ.

ಗ್ಯಾಲರಿಯ ಕಣ್ಣೆಲ್ಲ ಆರ್ವಿಲ್ ಕಡೆ ತಿರುಗಿತು.

"ನಾನೇನೂ ಮಾಡೋಕಾಗಲ್ಲ," ಅಂದ ಆರ್ವಿಲ್. ಅದು ಅವನು ಆ ದಿನ ಆಡಿದ ಅತ್ಯಂತ ನಿಜವಾದ ಮಾತು. ಯಾರೂ ನಂಬಲಿಲ್ಲ.

"ಅರ್ಥ ಆಯ್ತು," ಅಂದಳು ಬರ್ನೀಸ್. ಬೆಂಚಿನ ಮೇಲೆ ಹತ್ತಿದಳು. "ಈ ಸಲ ಅವರು ಮಾಡಲ್ವಂತೆ, ನಾವು ಮಾಡ್ಬೇಕಂತೆ. ಕುಟ್ಟಿ."

ಕುಟ್ಟಿದರು. ಅಜ್ಜಂದಿರು ಕುಟ್ಟಿದರು, ಪಾದ್ರಿ ಕುಟ್ಟಿದ, ಡೋಲಿನವನು ಡೋಲು ಬಿಟ್ಟು ಕಾಲಲ್ಲಿ ಕುಟ್ಟಿದ. ಮಿಸ್ ಅಡೀಲಾ ಊರುಗೋಲಿನಿಂದ ಮುಂದಿನ ಸಾಲಿನವನ ಬೆನ್ನಿಗೇ ಕುಟ್ಟಿದರು. ಪಶ್ಚಿಮದ ಗ್ಯಾಲರಿ ಅಲುಗಿತು, ನೆಲ ಅಲುಗಿತು, ಉತ್ತರದ ತುದಿಯ ಕೊಳದಲ್ಲಿ ಉಂಗುರ ಉಂಗುರವಾಗಿ ಅಲೆ ಎದ್ದಿತು. ಥಾರ್ನ್‌ಬರಿಯವನು ಒದ್ದ. ಚೆಂಡು ಸೂಜಿಗೆ ಪೋಣಿಸಿದ ದಾರದ ಹಾಗೆ ನೇರ ನಡುವಿಗೇ ಹೊರಟಿತು. ಆಗ ಬಲಗಡೆಯ ಕಂಬಕ್ಕೆ ಬುಡ ಸಡಿಲವಾಗಿ, ಸಂಜೆ ಮನೆಗೆ ಹೊರಟ ಕುಡುಕನ ಹಾಗೆ ಅದು ನಿಧಾನವಾಗಿ ಎಡಕ್ಕೆ ವಾಲಿತು. ಚೆಂಡು ಬಂತು. ಕಂಬ ಅದನ್ನು ಬೇಸ್‌ಬಾಲ್ ಆಟಗಾರನ ಹಾಗೆ ಟಪ್ಪೆಂದು ಬಾರಿಸಿ ಮೈದಾನಕ್ಕೇ ವಾಪಸ್ಸು ಕಳಿಸಿತು.

ತೀರ್ಪುಗಾರರು ಮೂವರು ಒಂದು ಕಡೆ ಸೇರಿ ತಲೆ ಕೆರೆದುಕೊಂಡರು. ಕಂಬಕ್ಕೆ ಬಡಿದು ವಾಪಸ್ಸು ಬಂದರೆ ಅಂಕವಿಲ್ಲ ಎಂದು ನಿಯಮವಿತ್ತು. ಕಂಬವೇ ಎದುರು ಹೋಗಿ ಬಡಿದರೆ ಏನು ಎನ್ನುವುದಕ್ಕೆ ನಿಯಮವಿರಲಿಲ್ಲ. ಇರುವ ನಿಯಮವನ್ನೇ ಹಿಡಿದು ಅಂಕ ಕೊಡಲಿಲ್ಲ. ಗೆಲುವು ಬ್ರಾಸ್‌ಫೀಲ್ಡಿನದು.

ಮುಂದಿನದನ್ನು ವರ್ಣಿಸುವುದು ಕಷ್ಟ. ಜನ ಬೇಲಿ ಹಾರಿ ಮೈದಾನಕ್ಕೆ ಇಳಿದರು, ಕೆಸರಿನಲ್ಲಿ ಬಿದ್ದು ಎದ್ದರು, ಗುರುತಿಲ್ಲದವರನ್ನು ತಬ್ಬಿ ಅತ್ತರು. ಆರ್ವಿಲ್‌ನನ್ನು ಹೆಗಲ ಮೇಲೆ ಹೊತ್ತು ಮಿಸ್ ಅಡೀಲಾ ಮುಂದೆ ಇಳಿಸಿದರು. ಅವರ ನೇರಳೆ ಕೋಟು ಒದ್ದೆಯಾಗಿತ್ತು, ಟೋಪಿ ಒಂದು ಕಿವಿಗೆ ಜಾರಿತ್ತು, ಕಣ್ಣು ಹುಡುಗಿಯದಾಗಿತ್ತು.

"ಇದೆಲ್ಲ ಮಾಡಿದ್ದು ನೀವೇನಾ?"

"ಇವನೇ ಮೇಡಮ್," ಅಂದ ಹಾಸ್ಕೆಲ್. "ನಮ್ ಪಕ್ಕದ ಮನೆಯೋನು."

ಪೆಂಡಲ್ಟನ್ ಮುಂದೆ ಬಂದು, ಸಾವಿನ ಮನೆಯ ಮುಖವನ್ನು ಮತ್ತೆ ಹಾಕಿಕೊಂಡ. "ನೋಡಿದ್ರಲ್ಲ ಮೇಡಮ್ ನಮ್ಮ ಸ್ಥಿತಿ. ನೀರು ನಿಲ್ಲಲ್ಲ, ಧ್ವನಿವರ್ಧಕ ಕಿರುಚತ್ತೆ, ಕಂಬ ನಿಲ್ಲಲ್ಲ."

"ನೋಡ್ದೆ," ಅಂದರು ಮಿಸ್ ಅಡೀಲಾ. "ದುಡ್ಡು ಕೊಡ್ತೀನಿ. ನೀವು ಕೇಳಿದಷ್ಟೂ ಕೊಡ್ತೀನಿ."

ಪೆಂಡಲ್ಟನ್ ಕಣ್ಣು ಮುಚ್ಚಿಕೊಂಡ. ಹೊಸ ಗ್ಯಾಲರಿ, ಹೊಸ ಪೈಪು, ತುಕ್ಕು ಹಿಡಿಯದ ಕಟಕಟೆ ಎಲ್ಲ ಆರ್ವಿಲ್ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

"ಒಂದು ಷರತ್ತು," ಅಂದರು ಮಿಸ್ ಅಡೀಲಾ. "ಇಲ್ಲಿ ಒಂದು ಮೊಳೆ ಕೂಡ ಬದಲಾಗಕೂಡದು."

"ಮೇಡಮ್," ಅಂದ ಪೆಂಡಲ್ಟನ್, "ದುಡ್ಡು ಮತ್ತೆ ಯಾತಕ್ಕೆ?"

"ಹೀಗೇ ಇಟ್ಕೊಳ್ಳೋದಕ್ಕೆ. ನಾನು ಈ ಜನ್ಮದಲ್ಲಿ ಇಷ್ಟು ಖುಷಿಪಟ್ಟಿಲ್ಲ. ಎಲ್ಲೆಲ್ಲಿ ಸೋರತ್ತೋ ಅಲ್ಲಲ್ಲೇ ಸೋರ್ಬೇಕು. ನಮ್ಮ ಕೋಳಿಮನೆಗಳೆಲ್ಲ ಹೊಸದಾಗಿವೆ, ಒಂದು ಕೋಳಿನೂ ನಗಲ್ಲ."

"ಮೇಡಮ್, ಎಂಜಿನಿಯರುಗಳು ಗ್ಯಾಲರಿ ಬೀಳತ್ತೆ ಅಂತಿದಾರೆ."

"ಕೆಳಗಡೆ ಕಾಣದ ಹಾಗೆ ಕಬ್ಬಿಣದ ಕಂಬ ಕೊಡ್ಸಿ, ದುಡ್ಡಿದ್ಯಲ್ಲ. 'ನಾಳೆ ಬೀಳತ್ತೆ' ಅನ್ನೋ ಹಾಗೆ ಕಂಡ್ರೆ ಸಾಕು. ಅದಕ್ಕೂ ಮೀರಿ ಬಿದ್ರೆ, ಎದುರಾಳಿಗಳ ಕಡೆಗೇ ಬೀಳೋ ಹಾಗೆ ಈ ಟಾಕೆಟ್ ನೋಡ್ಕೋತಾರೆ. ಇನ್ಮೇಲೆ ಪ್ರತಿ ಪಂದ್ಯಕ್ಕೂ ಇದೆಲ್ಲ ಅವರ ಜವಾಬ್ದಾರಿ."

ಜನ ಮತ್ತೆ ಆರ್ವಿಲ್‌ನನ್ನು ಎತ್ತಿಕೊಂಡರು.

ಎಲ್ಲ ಹೋದ ಮೇಲೆ ಪೆಂಡಲ್ಟನ್ ಕೆಸರಾದ ಬೂಟು ಬಿಚ್ಚುತ್ತ ಕೇಳಿದ. "ಮುಂದಿನ ಪಂದ್ಯಕ್ಕೆ ಎರಡು ವಾರ ಇದೆ. ಇದನ್ನೇ ಇನ್ನೊಂದ್ಸಲ ಮಾಡ್ತೀಯಲ್ಲ?"

"ಸಾರ್, ನಾನು ಕೆಡಿಸೋಕೆ ಹೋಗಿದ್ದು ಒಂದೂ ಕೆಡಲಿಲ್ಲ. ಕೆಟ್ಟಿದ್ದೆಲ್ಲ ತಾನಾಗಿ ಕೆಟ್ಟಿದ್ದು."

"ಅದನ್ನ ಆಯಮ್ಮಂಗೆ ಹೇಳ್ಬೇಡ," ಅಂದ ಪೆಂಡಲ್ಟನ್.

ಎರಡು ವಾರದ ಮೇಲೆ ಊರಿನವರೆಲ್ಲ ಸ್ವಚ್ಛ ಬಿಸಿಲಿನಲ್ಲಿ ರೇನ್‌ಕೋಟು ತೊಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಬಂದು ಕೂತರು. ಮಿಸ್ ಅಡೀಲಾ ತಮ್ಮ ಗೆಳತಿಯರನ್ನು ಒಂದು ಬಸ್ಸು ತುಂಬ ಕರೆತಂದಿದ್ದರು. ಆರ್ವಿಲ್ ಹದಿನಾಲ್ಕು ದಿನವೂ ತಲೆಗೆ ಎಣ್ಣೆ ಕಾಣದೆ ದುಡಿದಿದ್ದ: ಇದನ್ನು ಸಡಿಲಿಸಿದ್ದ, ಅದನ್ನು ಮೀಟಿದ್ದ, ನೀರಿನ ಹಿಡಿಯನ್ನು ಮುರಿದು ಅಂಟಿಸಿ ಮತ್ತೆ ಮುರಿದಿದ್ದ.

ಒಂದು ಹನಿ ನೀರು ಬರಲಿಲ್ಲ. ಧ್ವನಿವರ್ಧಕ ಪಿಯಾನೋದಂತೆ ನುಡಿಯಿತು. ಕಂಬಗಳು ಸಿಪಾಯಿಗಳಂತೆ ನಿಂತವು. ಹಳೆಯ ಕ್ರೀಡಾಂಗಣ ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ, ಆರಂಭದಿಂದ ಕೊನೆಯವರೆಗೂ, ಒಂದೂ ತಪ್ಪಿಲ್ಲದೆ ಕೆಲಸ ಮಾಡಿತು. ಬ್ರಾಸ್‌ಫೀಲ್ಡ್ ನಲವತ್ತೊಂದು ಅಂಕಗಳಿಂದ ಸೋತಿತು.

ಗೇಟಿನಲ್ಲಿ ಆರ್ವಿಲ್ ತಲೆತಗ್ಗಿಸಿ ನಿಂತಿದ್ದ. ಒಂದು ಹನಿಯೂ ತಾಗದ ರೇನ್‌ಕೋಟುಗಳು ಸರಬರ ಸದ್ದು ಮಾಡುತ್ತ ಅವನನ್ನು ದಾಟಿ ಹೋದವು. ಕೊನೆಗೆ ಬಂದ ಮಿಸ್ ಅಡೀಲಾ ಒಂದು ನಿಮಿಷ ನಿಂತು, ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

"ಇಷ್ಟು ವರ್ಷ ಇಲ್ಲಿ ಏನ್ರೀ ಮಾಡ್ತಿದ್ರಿ?" ಅಂದರು. "ಒಂದೇ ಒಂದಾದ್ರೂ ಕೆಟ್ಟಿರಬಾರದಾ?"